ಹಸಿರು ಮನೆ, ತಂಪು ಓಣಿ: ಮರೋಳ ಭಾಗದ ಗ್ರಾಮಗಳಿಗೆ ಕಟ್ಟಡ ಹಾಗೂ ಬಡಾವಣೆಯ ತತ್ತ್ವಗಳು

ಹುನಗುಂದ ಸೀಮೆಯಲ್ಲಿ ಮರೋಳದ ಹೆಸರು ನೀರಾವರಿಯೊಂದಿಗೆ ಬೆಸೆದುಕೊಂಡಿದೆ. ಕೃಷ್ಣಾ ಭಾಗ್ಯ ಜಲ ನಿಗಮವು ಕೈಗೊಂಡ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆಯು ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ, 24,000 ಹೆಕ್ಟೇರ್ ಭೂಮಿಗೆ ಕೊಳವೆಗಳ ಮೂಲಕ ಉಣಿಸುವ ಗುರಿಯೊಂದಿಗೆ ರೂಪುಗೊಂಡಿತು. ಬೇರಿಗೆ ಬೇಕಾದಷ್ಟನ್ನೇ ಕೊಡುವುದು, ಉಳಿದುದನ್ನು ಉಳಿಸುವುದು ಅದರ ತತ್ತ್ವ. ಇದೇ ಲೆಕ್ಕವನ್ನು ಹೊಲದಿಂದ ಊರೊಳಗೆ ತಂದು ಬಿಸಿಲು, ಮಣ್ಣು ಮತ್ತು ನೀರಿಗೆ ಅನ್ವಯಿಸಿ ಮನೆ ಕಟ್ಟುವುದನ್ನೇ ಹಸಿರು ಕಟ್ಟಡ ಎನ್ನಲಾಗುತ್ತದೆ.

ಪಂಚಾಯತಿಯ ಹೊಣೆ

ಸಂವಿಧಾನದ 11ನೆಯ ಅನುಸೂಚಿಯಲ್ಲಿ ಗ್ರಾಮೀಣ ವಸತಿಯು ಪಂಚಾಯತಿಗಳ ವಿಷಯವಾಗಿ ಸೇರಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರನ್ವಯ ಕಟ್ಟಡ ನಿರ್ಮಾಣಕ್ಕೆ ಗ್ರಾಮ ಪಂಚಾಯತಿಯ ಅನುಮತಿ ಅಗತ್ಯ. ಗೋಡೆ ಎದ್ದ ಮೇಲೆ ಅದರ ದಿಕ್ಕು ಬದಲಾಗದು. ಓಣಿ ಬಿದ್ದ ಮೇಲೆ ಗಟಾರದ ಇಳಿಜಾರು ಬದಲಾಗದು. ಒಂದು ಕುಟುಂಬ ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಎರಡು ತಲೆಮಾರು ಬದುಕಬೇಕಾಗುತ್ತದೆ. ಆದ್ದರಿಂದ ಮುಂದೆ ಹೇಳಿರುವ ತತ್ತ್ವಗಳನ್ನು ಅನುಮತಿ ನೀಡುವ ಮುನ್ನವೇ ಪರಿಶೀಲಿಸುವುದು ಸೂಕ್ತ.

1. ಬಿಸಿಲು ಮತ್ತು ದಿಕ್ಕು

ಬಾಗಲಕೋಟೆ ಜಿಲ್ಲೆಯು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುವುದರಿಂದ ಮನೆಯ ಮಾಳಿಗೆ ಅತಿ ಹೆಚ್ಚು ಕಾಯುತ್ತದೆ. ಮುಂಜಾನೆ ಪೂರ್ವದ ಗೋಡೆಗೆ, ಸಂಜೆ ಪಶ್ಚಿಮದ ಗೋಡೆಗೆ ಬಿಸಿಲು ಓರೆಯಾಗಿ ಬಡಿಯುತ್ತದೆ. ಅದನ್ನು ಸಜ್ಜಾ ತಡೆಯಲಾರದು. ಆದಕಾರಣ ಉದ್ದದ ಗೋಡೆಗಳು ಉತ್ತರ–ದಕ್ಷಿಣಕ್ಕೂ, ಗಿಡ್ಡ ಗೋಡೆಗಳು ಪೂರ್ವ–ಪಶ್ಚಿಮಕ್ಕೂ ಮುಖ ಮಾಡಿರುವುದು ಒಳ್ಳೆಯದು. ತಲಬಾಗಿಲನ್ನು ಪೂರ್ವಕ್ಕೇ ಇಡಬಯಸುವವರಿಗೆ ಇದು ಅಡ್ಡಿಯಲ್ಲ. ಗಿಡ್ಡ ಗೋಡೆಯಲ್ಲಿಯೂ ಬಾಗಿಲು ಇಡಬಹುದು. ಎದುರುಬದುರು ಕಿಟಕಿಗಳಿದ್ದರೆ ಗಾಳಿ ಆಡುತ್ತದೆ. ಎತ್ತರದಲ್ಲೊಂದು ಬೆಳಕಿಂಡಿ ಇದ್ದರೆ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ.

2. ಮಾಳಿಗೆ

ಜಂತಿಗಳ ಮೇಲೆ ದಪ್ಪ ಮಣ್ಣು ಹಾಸಿದ ಹಿಂದಿನ ಮಾಳಿಗೆ ಮನೆಗಳು ಬೇಸಿಗೆಯಲ್ಲಿ ತಂಪಾಗಿರುತ್ತಿದ್ದವು. ಆದರೆ ಬಿಡದೆ ಸುರಿಯುವ ಮಳೆಯನ್ನು ಅವು ತಾಳಲಾರವು. 2009ರ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದ ಅನೇಕ ಮಣ್ಣಿನ ಮನೆಗಳು ಕುಸಿದವು. ಆರ್‌ಸಿಸಿ ಸ್ಲ್ಯಾಬ್ ಮಳೆಗೆ ಭದ್ರವಾದರೂ ಹಗಲು ಹೀರಿದ ಶಾಖವನ್ನು ರಾತ್ರಿಯಿಡೀ ಒಳಗೆ ಬಿಡುತ್ತದೆ. ಹಸುಗೂಸುಗಳಿಗೂ ವೃದ್ಧರಿಗೂ ಇದು ಕೇವಲ ಅನಾನುಕೂಲವಲ್ಲ, ಆರೋಗ್ಯದ ಪ್ರಶ್ನೆ. ಬೇಸಿಗೆಗೆ ಮೊದಲು ಸ್ಲ್ಯಾಬ್‌ಗೆ ಎರಡು–ಮೂರು ಸಲ ಬಿಳಿ ಸುಣ್ಣ ಬಳಿಯುವುದು ಅಲ್ಪ ವೆಚ್ಚದ ಪರಿಹಾರ. ಬಿಳಿಯ ಮೈ ಬಿಸಿಲಿನ ಬಹುಭಾಗವನ್ನು ಮರಳಿ ಆಕಾಶಕ್ಕೆ ಕಳುಹಿಸುತ್ತದೆ.

3. ಮಣ್ಣು ಮತ್ತು ಕಲ್ಲು

ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಆದ್ದರಿಂದ ಎರೆ ನೆಲದಲ್ಲಿ ತಳಪಾಯವನ್ನು ಗಟ್ಟಿ ಗರಸು ಸಿಗುವವರೆಗೆ ಇಳಿಸಬೇಕು. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು. ಗೋಡೆಗೆ ಹತ್ತಿರದಲ್ಲೇ ದೊರೆಯುವ ಕಲ್ಲು ಉತ್ತಮ, ಏಕೆಂದರೆ ಸಾಗಣೆಯ ವೆಚ್ಚವೂ ಇಂಧನವೂ ಉಳಿಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿತು. ಇದನ್ನು ಭಟ್ಟಿಯಲ್ಲಿ ಸುಡಬೇಕಿಲ್ಲ. ನೀರುಣಿಸಿ ಹದಗೊಳಿಸಿದರೆ ಸಾಕು. ಮರಳಿನಂಶವುಳ್ಳ ಮಸಾರಿ ಮಣ್ಣು ಇದಕ್ಕೆ ಯೋಗ್ಯ. ಬರಿಯ ಎರೆಮಣ್ಣು ಯೋಗ್ಯವಲ್ಲ.

4. ನೀರು

ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ)ಯಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟೇ ಅಳತೆಯ ಮಾಳಿಗೆಯ ಮೇಲೆ 12,500 ಲೀಟರ್ ನೀರು ಸುರಿಯುತ್ತದೆ. ಐದನೆಯ ಒಂದು ಭಾಗ ನಷ್ಟವಾದರೂ 10,000 ಲೀಟರ್ ಕೈಗೆ ಬರುತ್ತದೆ. ಐವರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಎಂದರೆ ಬೇಸಿಗೆಯ 120 ದಿನಗಳಿಗೆ 4,800 ಲೀಟರ್ ಸಾಕು. 5,000 ಲೀಟರಿನ ಮುಚ್ಚಿದ ತೊಟ್ಟಿಯೊಂದು ಈ ಅಗತ್ಯವನ್ನು ಪೂರೈಸುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಟ್ಟು, ಸಂಗ್ರಹಿಸಿದ ನೀರನ್ನು ಸೋಸಿ ಕಾಯಿಸಿ ಕುಡಿಯತಕ್ಕದ್ದು.

ಜಲ ಜೀವನ್ ಮಿಷನ್ನಿನ ಮಾನದಂಡದಂತೆ ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆಗೆ ಬಂದರೆ, ಅದರ ಹೆಚ್ಚಿನ ಪಾಲು ಬೂದು ನೀರಾಗಿ ಹೊರಬರುತ್ತದೆ. ಮಸಾರಿ ನೆಲದಲ್ಲಿ ಇಂಗುಗುಂಡಿ ಸಾಕಾಗುತ್ತದೆ. ಎರೆ ನೆಲವು ನೀರನ್ನು ಬೇಗ ಇಂಗಿಸುವುದಿಲ್ಲ. ಅಲ್ಲಿ ಆ ನೀರನ್ನು ಗೋಡೆಯಿಂದ ದೂರದ ಕೈತೋಟಕ್ಕೋ ಸಾಮೂಹಿಕ ಶುದ್ಧೀಕರಣ ಹೊಂಡಕ್ಕೋ ಒಯ್ಯಬೇಕು.

5. ಓಣಿ ಮತ್ತು ಬಡಾವಣೆ

ಓಣಿಗಳು ಪೂರ್ವ–ಪಶ್ಚಿಮವಾಗಿ ಸಾಗಿದರೆ ಸಾಲುಮನೆಗಳ ಅಕ್ಕಪಕ್ಕದ ಗೋಡೆಗಳು ಪರಸ್ಪರ ನೆರಳಾಗುತ್ತವೆ. ಹಳ್ಳದ ಪಾತ್ರ ಹಾಗೂ ಮಳೆನೀರು ಹರಿಯುವ ತಗ್ಗಿನಲ್ಲಿ ನಿವೇಶನ ಹಂಚಕೂಡದು. ಬೇವು, ಹೊಂಗೆ, ಹುಣಸೆ ಮರಗಳಿಗೆ ನಕ್ಷೆಯಲ್ಲಿಯೇ ಜಾಗ ಗುರುತಿಸಬೇಕು. ಎರೆ ನೆಲದಲ್ಲಿ ಮರಗಳು ಗೋಡೆಯಿಂದ ದೂರವಿರಬೇಕು. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ಬಡಾವಣೆ ಜನವಸತಿಯಾಗಿ ಉಳಿಯುತ್ತದೆ.

ಗ್ರಾಮಸಭೆಯ ಚರ್ಚೆಗೆ

ಅ) ಕಟ್ಟಡ ಅನುಮತಿಯ ಅರ್ಜಿಯೊಂದಿಗೆ ದಿಕ್ಕು, ಮಳೆನೀರಿನ ತೊಟ್ಟಿ ಮತ್ತು ಬೂದು ನೀರಿನ ದಾರಿ ತೋರಿಸುವ ಸರಳ ನಕ್ಷೆಯನ್ನು ಪಡೆಯಬಹುದೇ?
ಆ) ಹೊಸ ನಿವೇಶನಗಳ ಮಣ್ಣು ಎರೆಯೋ ಮಸಾರಿಯೋ ಎಂಬುದನ್ನು ಹಂಚಿಕೆಗೆ ಮೊದಲೇ ದಾಖಲಿಸಲಾಗಿದೆಯೇ?
ಇ) ಪಂಚಾಯತಿ ಕಚೇರಿ, ಶಾಲೆ, ಅಂಗನವಾಡಿಗಳ ಮಾಳಿಗೆಗೆ ಈ ಬೇಸಿಗೆಯೊಳಗೆ ಸುಣ್ಣ ಬಳಿಸಬಹುದೇ?

ಮೂರನೆಯದು ಎಲ್ಲಕ್ಕಿಂತ ಸುಲಭ. ಅಂಗನವಾಡಿಯ ಕೋಣೆ ತಂಪಾದುದನ್ನು ತಾಯಂದಿರು ಕಣ್ಣಾರೆ ಕಂಡರೆ, ಉಳಿದೆರಡನ್ನು ಗ್ರಾಮಸಭೆಯಲ್ಲಿ ಅವರೇ ಕೇಳುವರು.