ಹೊಗೆ ಕೊಳವೆಯ ಸಂದು ಮುಚ್ಚೋಣ, ಮನೆಯವರ ಉಸಿರು ಉಳಿಸೋಣ



2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಜೋಳದ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆಯೇ ಬೇಕು. ರೊಟ್ಟಿ ಮಾರಿ ಸಂಸಾರ ನಡೆಸುವವರು ತಾಸುಗಟ್ಟಲೆ ಅದರ ಮುಂದೆ ಕೂಡ್ರುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಹೊಗೆ ಕೊಳವೆ ಇರುವ, ಮೂರು ಪಾತ್ರೆ ಇಡುವ ಅಸ್ತ್ರ ಒಲೆಯನ್ನು ರೂಪಿಸಿದರು. ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ಅಂಥ ಒಲೆಗಳು ಹಳ್ಳಿಗಳಿಗೆ ಬಂದವು. ಆ ಕಾರ್ಯಕ್ರಮ 2002ರಲ್ಲಿ ನಿಂತಿತು. ಈಗ ಒಲೆ ರಿಪೇರಿಗೆ ಯಾರೂ ಬರೋದಿಲ್ಲ. ನಾವೇ ಕಲಿಯಬೇಕು.

ಸಂದು ಬಿಟ್ಟರೆ ಏನಾಗುತ್ತದೆ?

ಬಿಸಿ ಹೊಗೆ ಮೇಲೇರುವಾಗ ಕೊಳವೆ ಒಲೆಯ ಹೊಗೆಯನ್ನು ಎಳೆಯುತ್ತದೆ. ಜೋಡಣೆ ಬಿರುಕು ಬಿಟ್ಟರೆ ಅಲ್ಲಿಂದ ತಣ್ಣನೆ ಗಾಳಿ ಒಳಗೆ ನುಗ್ಗಿ ಆ ಎಳೆತ ಕಡಿಮೆಯಾಗುತ್ತದೆ. ಆಗ ಹೊಗೆ ಒಲೆಯ ಬಾಯಿಂದಲೇ ನಮ್ಮ ಮುಖಕ್ಕೆ ಬರುತ್ತದೆ. "ಕೊಳವೆ ಐತಲ್ಲ" ಅಂತ ಕಿಟಕಿ ಮುಚ್ಚಿದರೆ ಇನ್ನೂ ಅಪಾಯ.

ಕಣ್ಣುರಿ, ಕೆಮ್ಮು ನಮಗೆ ಗೊತ್ತು. ಗೊತ್ತಾಗದೇ ಇರೋದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಸೇರಿ ಪ್ರಾಣವಾಯುವಿನ ಜಾಗ ಹಿಡಿಯುತ್ತದೆ. ಹೊಗೆಯಿಲ್ಲದ ಕೆಂಡದಿಂದಲೂ ಬರುತ್ತದೆ. ಆದ್ದರಿಂದ ಬಾಣಂತಿಯ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡಲೇಬೇಡಿರಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ಎಚ್ಚರ.

ಪರೀಕ್ಷೆ

ಒಲೆ ಉರಿಯುವಾಗ ಹಚ್ಚಿದ ಊದುಬತ್ತಿಯನ್ನು ಕೊಳವೆಯ ಬುಡ, ಪ್ರತಿ ಜೋಡಣೆ, ಪಾತ್ರೆಯ ಅಂಚಿನ ಸುತ್ತ ನಿಧಾನವಾಗಿ ಹಿಡಿಯಿರಿ. ಬತ್ತಿಯ ಹೊಗೆ ಒಳಗೆ ಎಳೆದುಕೊಂಡರೆ ಅಲ್ಲಿ ಸಂದು ಇದೆ. ಒಲೆ ಆರಿದ ಮೇಲೆ ಇದ್ದಿಲಿನಿಂದ ಗುರುತು ಹಾಕಿರಿ.

ದುರಸ್ತಿ

1. ಒಲೆ ಪೂರ್ತಿ ತಣ್ಣಗಾಗಲಿ. ಬಿರುಕಿನ ಸಡಿಲ ಮಣ್ಣು ತೆಗೆದು ನೀರು ಚಿಮುಕಿಸಿರಿ.

2. ಕೆಂಪು ಮಣ್ಣು, ಮರಳು, ಸಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು ಕಲಿಸಿ ಒತ್ತಿ ತುಂಬಿರಿ. ನವಲಗುಂದ, ಕುಂದಗೋಳ ಕಡೆಯ ಎರೆಮಣ್ಣು ಒಂದನ್ನೇ ಬಳಸಬೇಡಿರಿ. ಹೊಲದಲ್ಲಿ ಬಿರಿದ ಹಾಗೆ ಒಲೆಯಲ್ಲೂ ಒಣಗಿ ಬಿರಿಯುತ್ತದೆ. ಕಲಘಟಗಿ ಕಡೆಯ ಕೆಂಪು ಮಣ್ಣು ಒಳ್ಳೇದು.

3. ನೆರಳಲ್ಲಿ ನಿಧಾನವಾಗಿ ಒಣಗಲಿ. ಮೊದಲ ದಿನ ಸಣ್ಣ ಉರಿ ಸಾಕು.

4. ಪಾತ್ರೆ ಒಲೆಯ ಕಂಡಿಗೆ ಸರಿಯಾಗಿ ಕೂಡಬೇಕು. ಖಾಲಿ ಕಂಡಿಯ ಮೇಲೆ ನೀರು ತುಂಬಿದ ಪಾತ್ರೆ ಇಡಿರಿ.

5. ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಹಗ್ಗಕ್ಕೆ ಕಟ್ಟಿದ ಒದ್ದೆ ಬಟ್ಟೆಯಿಂದ ತೆಗೆಯಿರಿ. ಹಳೇ ಕೊಳವೆ ಕಲ್ನಾರಿನದು, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನದು ಇರಬಹುದು. ಅದನ್ನು ಕೊಯ್ಯಬೇಡಿರಿ, ಉಜ್ಜಬೇಡಿರಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಡೆದಿದ್ದರೆ ಬೇರೆ ಕೊಳವೆ ಹಾಕಿಸಿರಿ.

6. ಮುಂಗಾರಿಗೆ ಮುಂಚೆ ಹಂಚು ಮತ್ತು ಕೊಳವೆ ಕೂಡುವ ಜಾಗ ನೋಡಿಸಿರಿ. ಅಲ್ಲಿ ಸೋರಿದ ನೀರು ಒಲೆಯ ಮಣ್ಣನ್ನೇ ಕೆಡಿಸುತ್ತದೆ. ಮಾಳಿಗೆ ಏರುವ ಕೆಲಸಕ್ಕೆ ಮನೆಯ ಗಂಡಸರನ್ನು ಕರೆಯಿರಿ. ರೊಟ್ಟಿ ಉಣ್ಣುವವರಿಗೆ ಒಲೆಯ ಕಾಳಜಿಯೂ ಇರಲಿ.

ತಲೆಸುತ್ತು ಬಂದರೆ

ಒಲೆಯ ಹತ್ತಿರ ಕೂತವರಿಗೆ ತಲೆನೋವು, ವಾಂತಿ, ಮಂಪರು ಬಂದರೆ "ಪಿತ್ತ ಆಗೇತಿ" ಅಂತ ಮಲಗಿಸಬೇಡಿರಿ. ಬಾಗಿಲು ತೆರೆದು ಹೊರಗೆ ಕರೆತನ್ನಿರಿ, 108ಕ್ಕೆ ಫೋನ್ ಮಾಡಿರಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ

- ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಹೊಗೆ ಕೊಳವೆ ಇದೆ? ಎಷ್ಟು ಸರಿಯಾಗಿವೆ?
- ತಿಂಗಳಿಗೆ ಒಮ್ಮೆ ಇಬ್ಬರು ಸದಸ್ಯರು ಮನೆಮನೆಗೆ ಹೋಗಿ ಊದುಬತ್ತಿ ಪರೀಕ್ಷೆ ಮಾಡಬಹುದೇ?
- ಹೊಸ ಕೊಳವೆಗೆ ಉಳಿತಾಯದಿಂದ ಸಣ್ಣ ಸಾಲ ಕೊಡಬಹುದೇ?

ತೀರ್ಮಾನವನ್ನು ಠರಾವು ಪುಸ್ತಕದಲ್ಲಿ ಬರೆಯಿರಿ. ಹೊಗೆ ಕುಡಿಯೋದು ಹೆಣ್ಣಿನ ಹಣೆಬರಹ ಅಲ್ಲ. ದೇವರು ಕೊಟ್ಟ ಉಸಿರನ್ನು ಕಾಪಾಡಿಕೊಳ್ಳುವುದು ನಮ್ಮ ಹಕ್ಕು, ನಮ್ಮ ಹೊಣೆ.