ಎರಡು ಪಾಯಿಂಟು, ಮೂರು ಲೈನು

ಅಳಿಯಾ,

ನೀನು ಕಳಿಸಿದ ಮಾದರಿ ರೈಲಿನ ಸಾಮಾನಿನ ಪಟ್ಟಿಯನ್ನು ಊಟಕ್ಕೆ ಮುಂಚೆ ಒಮ್ಮೆ ಓದಿದೆ, ಊಟವಾದ ಮೇಲೆ ಇನ್ನೊಮ್ಮೆ ಓದಿದೆ. ಎರಡು ಸಲವೂ ಸಿಟ್ಟೇ ಬಂತು. ಜರ್ಮನ್ ಎಂಜಿನ್ನು, ಅದರ ಹೊಟ್ಟೆಯೊಳಗೆ ಸದ್ದು ಮಾಡುವ ಚಿಪ್ಪು, ಡಿಜಿಟಲ್ ಕಂಟ್ರೋಲರು, ಡಬ್ಬಿಗಟ್ಟಲೆ ಹಳಿ, ಆಲ್ಪ್ಸ್ ಬೆಟ್ಟದ ಸುರಂಗ. ಅದೂ ಕಂತಿನ ಮೇಲೆ! ಕೊಳ್ಳಬೇಡ ಎಂದು ನಾನು ಹೇಳುವುದಿಲ್ಲ. ದುಡ್ಡು ನಿನ್ನದು, ತೀರ್ಮಾನವೂ ನಿನ್ನದೇ. ಎರಡೂ ಕಡೆಯ ಮಾತು ಹೇಳಿ ಸುಮ್ಮನಾಗುತ್ತೇನೆ.

ದೊಡ್ಡ ಸೆಟ್ಟಿನ ಪರವಾಗಿ: ಡಬ್ಬಿ ಬಿಚ್ಚಿದ ದಿನವೇ ರೈಲು ಓಡುತ್ತದೆ. ಸರಿ, ಆ ಕಡೆಯ ಮಾತು ಮುಗಿಯಿತು.

ಈ ಕಡೆಯದು ಸ್ವಲ್ಪ ಉದ್ದ. ನೀನು ರಾತ್ರಿಯೆಲ್ಲ ವಿಡಿಯೋದಲ್ಲಿ ನೋಡುವ ಹ್ಯಾಂಬರ್ಗಿನ ಮಾದರಿ ರೈಲುಗಳ ಪ್ರದರ್ಶನ, ಮಿನಿಯಾಟೂರ್ ವುಂಡರ್‌ಲಾಂಡ್, 2001ರಲ್ಲಿ ಬಾಗಿಲು ತೆರೆದದ್ದು. ಅದು ಟಿಕೆಟ್ಟಿಟ್ಟು ನಡೆಸುವ ಉದ್ಯಮ, ರಿಪೇರಿಗೆ ಸಂಬಳದ ಜನ ಇದ್ದಾರೆ. ನಿನ್ನದು ಮುಂದಿನ ತಿಂಗಳು ತೊಟ್ಟಿಲಿಗೂ ಜಾಗ ಬಿಡಬೇಕಾದ ಕೋಣೆ. ನಿನ್ನ ಪಟ್ಟಿಯ ಎಚ್‌ಒ ಅಳತೆ ಅಂದರೆ ನಿಜದ ರೈಲಿನ 87ನೇ ಒಂದು ಭಾಗ, ಹಳಿಯ ಅಗಲ 16.5 ಮಿ.ಮೀ. ಕೇಳಲು ಪುಟ್ಟದು. ಆದರೆ ಗಾಡಿ ಸಲೀಸಾಗಿ ಸುತ್ತು ಬರಬೇಕಾದರೆ 438 ಮಿ.ಮೀ. ತ್ರಿಜ್ಯದ ತಿರುವಿದ್ದರೆ ಒಳ್ಳೆಯದು, ಅಂದರೆ ಹಲಗೆ ಹತ್ತಿರ ಹತ್ತಿರ ಒಂದು ಮೀಟರ್ ಅಗಲ. ಗೋಡೆಗೆ ಒತ್ತಿಟ್ಟರೆ ಆ ತುದಿಯಲ್ಲಿ ಬಿದ್ದ ಗಾಡಿಗೆ ನಿನ್ನ ಕೈ ಎಟುಕುವುದಿಲ್ಲ. ಅಷ್ಟೆಲ್ಲ ಮಾಡಿ ನೋಡುವುದೇನು? ಗಾಣದ ಎತ್ತಿನ ಹಾಗೆ ಸುತ್ತುವ ಒಂದು ಎಂಜಿನ್ನನ್ನು.

ಆ ಬೇಸರ ನಾನು ಚಿಕ್ಕಂದಿನಲ್ಲೇ ಕಂಡದ್ದು. ನಮ್ಮ ಮನೆಯಲ್ಲಿ ಚನ್ನಪಟ್ಟಣದ ಮರದ ರೈಲೊಂದಿತ್ತು, ಕೆಂಪು ಹಳದಿ ಅರಗಿನ ಬಣ್ಣದ್ದು. ಅದರ ಗಾಡಿಗಳು ಒಂದಕ್ಕೊಂದು ಬಿಗಿದುಕೊಂಡಿದ್ದವು, ಬಿಚ್ಚುವಂತಿರಲಿಲ್ಲ. ಬೇಗ ಶೋಕೇಸು ಸೇರಿತು. ನಾವು ಆಡಿದ್ದು ಕಡ್ಡಿಪೆಟ್ಟಿಗೆಯಲ್ಲಿ.

ನಿನ್ನ ತಾತ ಅರಸೀಕೆರೆ ಯಾರ್ಡಿನಲ್ಲಿ ಷಂಟಿಂಗ್ ಜಮಾದಾರರಾಗಿದ್ದರು ಎಂಬುದು ನಿನಗೆ ಗೊತ್ತು, ಆ ಕೆಲಸ ಏನೆಂಬುದು ಗೊತ್ತಿರಲಾರದು. ಆಗ ಅದು ಮೀಟರ್ ಗೇಜ್ ಜಂಕ್ಷನ್. ಬೆಂಗಳೂರು-ಹುಬ್ಬಳ್ಳಿ ಲೈನಿಗೆ ಹಾಸನ, ಮೈಸೂರಿನ ಲೈನು ಬಂದು ಸೇರುವ ಜಾಗ. ಪ್ಯಾಸೆಂಜರಿಗೆ ವೈಪಿ ಎಂಜಿನ್, ಗೂಡ್ಸಿಗೆ ವೈಜಿ. ಬಂದ ಗೂಡ್ಸಿನಲ್ಲಿ ವ್ಯಾಗನ್ನುಗಳು ಹೇಗೆಂದರೆ ಹಾಗೆ ಇರುತ್ತಿದ್ದವು. ಹಾಸನಕ್ಕೆ ಹೋಗಬೇಕಾದದ್ದು ನಡುವೆ, ಬೀರೂರಿಗೆ ಹೋಗಬೇಕಾದದ್ದು ಎಂಜಿನ್ನಿನ ಪಕ್ಕ, ಕೊಬ್ಬರಿ ತುಂಬಿಸಿಕೊಳ್ಳಲು ಗೂಡ್ಸ್ ಶೆಡ್ಡಿಗೆ ಹೋಗಬೇಕಾದದ್ದು ಎಲ್ಲಕ್ಕಿಂತ ಹಿಂದೆ. ಅಪ್ಪ ಹಗಲಲ್ಲಿ ಬಾವುಟ, ಇರುಳಲ್ಲಿ ಲಾಂದ್ರ ಹಿಡಿದು ಅವನ್ನು ತಳ್ಳಿಸಿ, ಎಳೆಸಿ, ಬಿಡಿಸಿ, ಕೂಡಿಸಿ ಸಾಲಿಗೆ ತರುತ್ತಿದ್ದರು. ಒಂದು ಸಲ ಹೆಚ್ಚಿಗೆ ಹಿಂದೆ ಮುಂದೆ ಮಾಡಿಸಿದರೆ ಡ್ರೈವರ್ ಬಾಯಿಗೆ ಬಂದದ್ದು ಅನ್ನುತ್ತಿದ್ದ. ಹಾಗಾಗಿ ಲೆಕ್ಕವೆಲ್ಲ ಮೊದಲೇ ತಲೆಯಲ್ಲಿ ಆಗಬೇಕು.

ರಾತ್ರಿ ಕ್ವಾರ್ಟರ್ಸಿನ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಗೆರೆ ಎಳೆದು, ಕಡ್ಡಿಪೆಟ್ಟಿಗೆ ಜೋಡಿಸಿ, "ಇದು ಕಡೆಗೆ ಬರಬೇಕು, ಎಂಜಿನ್ ಈ ಕಡೆ ಇದೆ, ಏನು ಮಾಡ್ತೀಯೋ?" ಎನ್ನುತ್ತಿದ್ದರು. ನಾನು ತಡಕಾಡುವಷ್ಟರಲ್ಲಿ ನಿಮ್ಮಮ್ಮ ಪಟಪಟನೆ ಬಿಡಿಸಿಬಿಡುತ್ತಿದ್ದಳು. ಅವಳನ್ನೇ ಕೇಳು, ಈ ವಿಷಯದಲ್ಲಿ ಅವಳ ಜಂಬ ಇನ್ನೂ ಇಳಿದಿಲ್ಲ.

ಎಷ್ಟೋ ವರ್ಷಗಳ ಮೇಲೆ, ಇಂಗ್ಲೆಂಡಿನ ಆಲನ್ ರೈಟ್ ಮಾಡಿದ ಇಂಗಲ್‌ನುಕ್ ಸೈಡಿಂಗ್ಸ್ ಎಂಬ ಮಾದರಿಯ ಬಗ್ಗೆ ಓದಿ ನಕ್ಕುಬಿಟ್ಟೆ. ನಮ್ಮ ಕೆಂಪು ನೆಲದ ಆಟವೇ! ಎರಡು ಪಾಯಿಂಟು, ಅಂದರೆ ಹಳಿ ಕವಲೊಡೆಯುವ ಜಾಗ, ಮೂರು ಲೈನು. ಒಂದು ಲೈನಿನಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದ ಎರಡರಲ್ಲಿ ಮೂರು ಮೂರು. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಬಂದ ಐದನ್ನು, ಬಂದ ಕ್ರಮದಲ್ಲೇ ಕೂಡಿಸಬೇಕು. 6,720 ಬಗೆಯ ಸಾಲು ಬರಬಹುದು, ಲೆಕ್ಕ ಹಾಕಿ ನೋಡು. ನಾಲ್ಕು ಚಕ್ರದ ಗಿಡ್ಡ ವ್ಯಾಗನ್ನಾದರೆ ಒಂದೂವರೆ ಮೀಟರ್ ಉದ್ದ, ಒಂದಡಿ ಅಗಲದ ಹಲಗೆ ಸಾಕು. ಆಡಿ ಮುಗಿಸಿ ಬೀರುವಿನ ಮೇಲೆ ಎತ್ತಿಡಬಹುದು.

ಡಿಜಿಟಲ್ ಬೇಕಾಗುವುದು ಒಂದೇ ಹಳಿಯ ಮೇಲೆ ಹಲವು ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ಓಡಿಸಲು. ನಿನ್ನ ಒಂದು ಎಂಜಿನ್ನಿಗೆ 12 ವೋಲ್ಟಿನ ಸಾದಾ ಡಿಸಿ ಕಂಟ್ರೋಲರು ಧಾರಾಳ. ದುಡ್ಡು ಉಳಿಸಬಾರದ್ದು ಪಾಯಿಂಟಿನಲ್ಲಿ. ಹಳಿಗಳು ಒಂದನ್ನೊಂದು ದಾಟುವ ಮೂಲೆಯಲ್ಲಿ ಪ್ಲಾಸ್ಟಿಕ್ ತುಂಡಿದ್ದರೆ ಗಿಡ್ಡ ಎಂಜಿನ್ ಕರೆಂಟು ಸಿಗದೆ ಅಲ್ಲೇ ನಿಂತುಬಿಡುತ್ತದೆ. ಆ ಭಾಗವೂ ಲೋಹದ್ದೇ ಇರುವುದನ್ನು ಕೇಳಿ ತರಿಸು. ವೈರು, ಸೋಲ್ಡರಿಂಗ್ ಐರನ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಜಲ್ಲಿಗೆ ಜರಡಿ ಹಿಡಿದ ಮರಳು, ಅಂಟಿಗೆ ನೀರು ಬೆರೆಸಿದ ಫೆವಿಕಾಲ್, ಯಾರ್ಡಿನ ಕಪ್ಪು ಮಣ್ಣಿಗೆ ಕಾಫಿ ಫಿಲ್ಟರಿನ ಒಣಗಿಸಿದ ಚರಟ. ಬೆಂಗಳೂರಿನ ಧೂಳಿಗೆ ಹಳಿಯನ್ನು ಆಗಾಗ ಒರೆಸುತ್ತಿರಬೇಕು, ಅದಕ್ಕೆ ಸೋಮಾರಿತನ ಮಾಡಿದರೆ ಎಷ್ಟು ದುಬಾರಿ ಎಂಜಿನ್ನೂ ಮುಗ್ಗರಿಸುತ್ತದೆ.

ನಮ್ಮ ಹಳೆಯ ಮೀಟರ್ ಗೇಜನ್ನೇ ಮಾಡುವ ಆಸೆ ಮುಂದೆಂದಾದರೂ ಬಂದರೆ, ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆ ಕೂಡ ಮೀಟರ್ ಗೇಜೇ. ಅದರ ಮಾದರಿಗಳಿಗಾಗಿ ಮಾಡುವ 12 ಮಿ.ಮೀ. ಹಳಿ ಅರಸೀಕೆರೆಗೂ ಒಪ್ಪುತ್ತದೆ. ಈಗಲೇ ಅದಕ್ಕೆ ಕೈ ಹಾಕಬೇಡ. ಪುಣೆಯ ಕೊತ್ರೂಡಿನಲ್ಲಿ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆ, ಮೊದಲು ಹೋಗಿ ನೋಡಿ ಬಾ.

ಬೈದೆನೆಂದು ಮುಖ ಊದಿಸಿಕೊಳ್ಳಬೇಡ. ನಮ್ಮ ಮನೆಯಲ್ಲಿ ಇನ್ನೊಬ್ಬನಿಗೆ ಈ ಹುಚ್ಚು ಹತ್ತಿತಲ್ಲ ಎಂದು ಒಳಗೊಳಗೇ ಖುಷಿಯೂ ಇದೆ. ಹಲಗೆ ಕೊಯ್ಯಿಸಿದ ಮೇಲೆ ತಿಳಿಸು, ಎಂಜಿನ್ನಿನ ದುಡ್ಡು ನಾನು ಕೊಡುತ್ತೇನೆ. ಷಂಟಿಂಗ್ ಎಂಜಿನ್ನಾದರೆ ಮಾತ್ರ.

ಇಂತಿ,
ನಿನ್ನ ಮಾವ