ಸಾಕೆಂಬ ಅರಿವು

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಬಾಳೆಯ ಬುಡದಲ್ಲಿ ಒಂದರ ಹಿಂದೊಂದು ಕಂದುಗಳು ಮೂಡುತ್ತವೆ. ಎಲ್ಲವನ್ನೂ ಬೆಳೆಯಗೊಟ್ಟರೆ ಅವು ತಾಯಿಗಿಡಕ್ಕೆ ಸಲ್ಲಬೇಕಾದ ನೀರನ್ನೂ ಸಾರವನ್ನೂ ಹೀರುತ್ತವೆ, ಗೊನೆ ಸೊರಗುತ್ತದೆ. ಆದುದರಿಂದ ರೈತನು ಮುಂದಿನ ಬೆಳೆಗೆಂದು ಒಂದನ್ನು ಉಳಿಸಿ, ಮಿಕ್ಕವನ್ನು ಕತ್ತರಿಸುತ್ತಾನೆ.

ಮನೆಗೂ ಇಂತಹ ಆರೈಕೆ ಅಗತ್ಯ. ಮುರಿದ ಕುರ್ಚಿ, ತೂತುಬಿದ್ದ ಕೊಡ, ಉಡದ ಬಟ್ಟೆ ಮೊದಲಾದುವು ‘ಎಂದಾದರೂ ಬೇಕಾದೀತು’ ಎಂಬ ಒಂದೇ ಮಾತಿನ ಬಲದಿಂದ ಅಟ್ಟವನ್ನೇರಿ ಕುಳಿತಿರುತ್ತವೆ. ಹಾಗೆಂದು ಕೂಡಿಡುವುದೆಲ್ಲವೂ ದೋಷವೆನ್ನಲಾಗದು. ಮಳೆಯನ್ನು ನೆಚ್ಚಲಾಗದ ಈ ಸೀಮೆಯಲ್ಲಿ ಹಿರಿಯರು ನೆಲದೊಳಗಿನ ಹಗೇವುಗಳಲ್ಲಿ ಜೋಳವನ್ನು ತುಂಬಿಡುತ್ತಿದ್ದರು. ಬರಗಾಲದಲ್ಲಿ ಜೀವವುಳಿಸುತ್ತಿದ್ದ ಆ ಸಂಗ್ರಹ ವಿವೇಕದ ಫಲ. ಉಪಯೋಗದ ಗುರಿಯಿಲ್ಲದೆ ಸೇರಿಸಿದ್ದು ಮಾತ್ರ ಹೊರೆ.

12ನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಡದಿ ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಪ್ರತೀತಿ. ನಾಳೆಯ ಭರವಸೆಯಿಲ್ಲದ ಬಡತನದಲ್ಲಿಯೂ ಸಾಕೆಂದ ಅವಳ ಧೈರ್ಯ ಸಾಮಾನ್ಯವಾದುದಲ್ಲ. ನಮ್ಮಲ್ಲಿ ಮಿಕ್ಕಿರುವುದು ಮತ್ತೊಬ್ಬರಿಗೆ ಸಲ್ಲಬೇಕಾದುದು ಎಂಬ ತಿಳಿವು ಆ ಧೈರ್ಯಕ್ಕೆ ಮೂಲ. ಕಲಬುರಗಿಯ ಶರಣಬಸವೇಶ್ವರರ ದಾಸೋಹವೂ ಇದೇ ಪರಂಪರೆಗೆ ಸೇರಿದುದು.

ವಿದ್ಯಾರ್ಥಿಗಳೇ, ನಿಮ್ಮ ಕಳೆದ ವರ್ಷದ ಪಠ್ಯಪುಸ್ತಕವು ಕಿರಿಯರ ಕೈಸೇರಿದರೆ ವಿದ್ಯೆಯಾಗುತ್ತದೆ. ಅಟ್ಟ ಸೇರಿದರೆ ಗೆದ್ದಲಿಗೆ ಆಹಾರವಾಗುತ್ತದೆ. ದಿನಚರಿಯಲ್ಲಿಯೂ ಹಾಗೆಯೇ: ಹರಟೆಯನ್ನು ಕಡಿಮೆ ಮಾಡಿದಷ್ಟೂ ಓದಿಗೆ, ಆಟಕ್ಕೆ, ಹೆತ್ತವರ ನೆರವಿಗೆ ಹೊತ್ತು ದೊರೆಯುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಕೊಡಬೇಕು ಎಂಬುದನ್ನು ಆಗಾಗ ವಿಚಾರಿಸಿ ನಡೆಯುವುದೇ ಅಚ್ಚುಕಟ್ಟಾದ ಬಾಳಿನ ಮೊದಲ ಪಾಠ.